ಉಡುದಾರಕ್ಕೆ ಕಟ್ಟಿದ ಲಿನಕ್ಸ್

ನಮ್ಮ ಭಾವನಿಗೆ ಹುಚ್ಚಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ನೀವು ಒಪ್ಪುವುದು ಕಷ್ಟ.

ಅಕ್ಕನ ಗಂಡ. ಕೋಣನಕುಂಟೆಯಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾರೆ. ಬಾಡಿಗೆದಾರನೊಬ್ಬ ಬಿಟ್ಟುಹೋದ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕುವುದನ್ನು ಕಲಿತರು, ಅಷ್ಟೇ. ಅಂದಿನಿಂದ ಮನೆ ಕೇಳಲು ಬಂದವರನ್ನು ಎಷ್ಟು ಜನ ಇದ್ದೀರಿ ಎಂದು ಕೇಳುವುದಿಲ್ಲ. "ಲ್ಯಾಪ್‌ಟಾಪಲ್ಲಿ ಏನ್ ಹಾಕಿದೀರ?" ಎನ್ನುತ್ತಾರೆ.

ಲಿನಕ್ಸ್ ತುಂಬಿದ ಪೆನ್ ಡ್ರೈವ್ ಪದೇ ಪದೇ ಕಳೆದುಹೋಗುತ್ತಿತ್ತು. ಅದಕ್ಕೇ ಬೀರುವಿನ ಕೀಲಿಯ ಜೊತೆ ಉಡುದಾರಕ್ಕೆ ಕಟ್ಟಿಕೊಂಡರು. ಗಂಟು ಬಿಚ್ಚುವುದಿಲ್ಲ. ಕಂಪ್ಯೂಟರಿಗೆ ಚುಚ್ಚಬೇಕಾದರೆ ಭಾವನೂ ಅದಕ್ಕೆ ಅಂಟಿಕೊಂಡೇ ಕೂರಬೇಕು. ಗೊಟ್ಟಿಗೆರೆಯ ಒಂದು ಗೃಹಪ್ರವೇಶದಲ್ಲಿ ಹಾಗೆ ಸಿಕ್ಕಿಕೊಂಡು, ಊಟದ ಎಲೆಯನ್ನು ಅಲ್ಲಿಗೇ ತರಿಸಿಕೊಂಡಿದ್ದರು. "ಅಲ್ಲೇ ಬಡಿಸಿ, ಕಟ್ಟಾಕಿದೆ" ಎಂದಳು ಅಕ್ಕ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಸುದ್ದಗುಂಟೆಪಾಳ್ಯದಲ್ಲಿ ಗೇಟು, ಗ್ರಿಲ್ಲು ಮಾಡುವ ಸ್ವಂತ ಅಂಗಡಿ ಇದೆ. ಮಾಡಿದ ಪ್ರತಿ ಗೇಟಿನ ಫೋಟೊ ಅಂಗಡಿಯ ಕಂಪ್ಯೂಟರಿನಲ್ಲಿದೆ. ಬೇರೆ ಕಡೆ ಕಾಪಿ ಇಲ್ಲ. ನನಗೆ ಬೇರೆ ಸರ್ಟಿಫಿಕೇಟೂ ಇಲ್ಲ. ಜೆ.ಪಿ. ನಗರದ ಅಪಾರ್ಟ್‌ಮೆಂಟೊಂದರ ಕೆಲಸ ಕೊಡುವ ಮುಂಚೆ ಎಂಜಿನಿಯರು ಆ ಫೋಟೊಗಳನ್ನು ನೋಡಲು ಬರುವವರಿದ್ದರು. ಅವತ್ತೇ ಭಾವ ಬಂದರು.

"ಏನೋ ಇದು, ಎತ್ತಿನಗಾಡಿ ಥರ ಹೋಗ್ತೈತೆ. ಅವ್ರು ಬರೋಷ್ಟೊತ್ತಿಗೆ ಲಿನಕ್ಸ್ ಹಾಕ್ಬಿಡ್ತೀನಿ, ಇರೋದು ಇರೋ ಹಂಗೇ ಇರುತ್ತೆ."

ಚುಚ್ಚಿದರು. ಸ್ವಲ್ಪ ಹೊತ್ತಿಗೆ ಪರದೆ ಹೇಳಿತು: ಡಿಸ್ಕ್ ಪೂರ್ತಿ ಖಾಲಿ.

"ಭಾವ, ನನ್ ಗೇಟುಗಳು?"

"ಒಳಗೇ ಅವೆ ಕಣೋ. ಈಗ ಮುಂದಕ್ಕೆ ಒತ್ತಿದ್ರೆ ನಿಜವಾಗ್ಲೂ ಹೋಗ್ತವೆ. ಮುಟ್ಬೇಡ."

ಡಿಸ್ಕಿನ ಯಾವ ಭಾಗ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಎಂದು ಹೇಳುವ ಪಾರ್ಟಿಷನ್ ಟೇಬಲ್ ಎಂಬುದೊಂದು ಇರುತ್ತದಂತೆ. ನನ್ನದು ಸೆಕೆಂಡ್ ಹ್ಯಾಂಡ್ ಡಿಸ್ಕು. ಮೊದಲಿನವರ ಕಾಲದ, ಬೇರೆ ಥರದ ಟೇಬಲ್ಲಿನ ಚೂರು ಅಳಿಯದೆ ಉಳಿದಿತ್ತು. ಎರಡನ್ನೂ ನೋಡಿದ ಲಿನಕ್ಸ್ ಗೊಂದಲಕ್ಕೆ ಬಿದ್ದು, ಏನೂ ಇಲ್ಲ ಎನ್ನುತ್ತಿತ್ತು. ಆ ಹಳೇ ಚೂರನ್ನು ಮಾತ್ರ ಅಳಿಸಬೇಕು. ಕೈತಪ್ಪಿದರೆ? ಅದನ್ನು ಭಾವ ವಿವರಿಸಲಿಲ್ಲ.

ಅಷ್ಟರಲ್ಲಿ ಎಂಜಿನಿಯರು ಬಂದರು. ಶರ್ಟೆತ್ತಿಕೊಂಡು ಕಂಪ್ಯೂಟರನ್ನು ತಬ್ಬಿ ಕೂತಿದ್ದ ಭಾವನನ್ನೇ ನೋಡಿದರು.

"ಇವರು?"

"ನಮ್ ಭಾವ ಸಾರ್."

"ಎದ್ದೇಳಕ್ಕಾಗಲ್ಲ, ತಪ್ ತಿಳ್ಕೋಬೇಡಿ ಸಾರ್" ಎಂದರು ಭಾವ, ಪರದೆಯಿಂದ ಕಣ್ಣು ತೆಗೆಯದೆ.

ಒಂದೊಂದೇ ಅಕ್ಷರ ಒತ್ತಿದರು. ಕೊನೆಯದನ್ನು ಒತ್ತುವ ಮುಂಚೆ ಬೆರಳನ್ನು ಪಂಚೆಗೆ ಒರೆಸಿಕೊಂಡರು. ಹಳೇ ಚೂರು ಹೋಯಿತು. ಡಿಸ್ಕ್ ತೆರೆಯಿತು. ಗೇಟುಗಳು ಸಾಲಾಗಿ ನಿಂತಿದ್ದವು.

ಆಮೇಲೆ ಲಿನಕ್ಸ್ ಹಾಕಬೇಕಿತ್ತಲ್ಲ? ಭಾವ ಮರೆತೇಬಿಟ್ಟರು. ಫೋಟೊಗಳನ್ನು ತಾವೇ ಒಂದೊಂದಾಗಿ ತೋರಿಸತೊಡಗಿದರು.

"ಬೆಸುಗೆ ಎಲ್ಲೈತೆ ಹುಡುಕಿ ಸಾರ್, ನೋಡಾಣ. ಸಿಗಲ್ಲ. ಎಲ್ಲಾ ನಮ್ ಹುಡುಗ ಮಾಡಿದ್ದು."

ನನಗೆ ಐವತ್ತು ದಾಟಿದೆ. ಅಪ್ಪ ಹೋದಮೇಲೆ ಯಾರೂ ನನ್ನನ್ನು 'ನಮ್ ಹುಡುಗ' ಎಂದು ಕರೆದಿರಲಿಲ್ಲ. ಮಾಡಲು ಕೆಲಸವೇನೂ ಇರಲಿಲ್ಲ. ಆದರೂ ವೆಲ್ಡಿಂಗಿನ ಕಪ್ಪು ಕನ್ನಡಕ ಹಾಕಿಕೊಂಡೆ.