ಮೊಬೈಲಿನೊಳಗಿನ ಡಾಕ್ಟರೂ ನಮ್ಮ ಮಾವನವರೂ

ಡಾಕ್ಟರು "ನಾಲಿಗೆ ತೋರಿಸಿ" ಎಂದಾಗ ಮೊಬೈಲಿಗೆ ನಾಲಿಗೆ ಚಾಚಿದವರು ಈ ಲೋಕದಲ್ಲಿ ಬೇಕಾದಷ್ಟು ಮಂದಿ ಇರಬಹುದು. ಆದರೆ ರೋಗಿ ಪಕ್ಕದಲ್ಲೇ ಕೂತಿರುವಾಗ, ಅವಳಿಗಿಂತ ಮೊದಲು, ಅವಳಿಗಿಂತ ಉದ್ದವಾಗಿ ಚಾಚಿದವರು ನಮ್ಮ ಮಾವನವರು ಒಬ್ಬರೇ! ರೋಗಿಗೆ ಏಳು ವರ್ಷ. ಮಾವನವರಿಗೆ ಎಪ್ಪತ್ತೊಂದು.

ರೋಗಿ ಎಂದರೆ ನನ್ನ ಮಗಳು ಜಾಹ್ನವಿ. ಮಾವನವರ ಬಾಯಲ್ಲಿ "ಜಾನವಿ". ಹಕಾರಕ್ಕೂ ಅವರಿಗೂ ಮೊದಲಿನಿಂದಲೂ ಆಗಿಬರುವುದಿಲ್ಲ. ಕೆಂಪಾಪುರ ಇನ್ನೂ ಹಳ್ಳಿಯಾಗಿದ್ದಾಗ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಮೂರಂತಸ್ತು ಎಬ್ಬಿಸಿ, ಈಗ ಕೆಳಗೆ ನಮ್ಮನ್ನೂ ಮೇಲೆ ಬಾಡಿಗೆ ಹುಡುಗರನ್ನೂ ಬೆಳೆಯುತ್ತಿದ್ದಾರೆ.

ಕಳೆದ ವರ್ಷ ಜಾಹ್ನವಿಯ ಟೀಚರ್ ನನ್ನನ್ನು ಕರೆಸಿ, "ಪಾಠದ ಮಧ್ಯೆ ಎಲ್ಲೋ ನೋಡ್ತಾ ಕೂತ್ಬಿಡ್ತಾಳೆ, ಕರೆದ್ರೂ ತಿರುಗಲ್ಲ ಕಣ್ರೀ" ಎಂದರು. ನಮ್ಮ ಬೀದಿಯ ಡಾಕ್ಟರು ಮಕ್ಕಳ ನರರೋಗ ತಜ್ಞರೊಬ್ಬರಿಗೆ ಚೀಟಿ ಬರೆದುಕೊಟ್ಟರು. ಆ ತಜ್ಞರಿದ್ದದ್ದು ಊರಿನ ಇನ್ನೊಂದು ತುದಿಯಲ್ಲಿ. ಹೆಬ್ಬಾಳದ ಫ್ಲೈಓವರ್ ಮೇಲೆ ಒಂದು ಗಂಟೆ, ಉಳಿದ ಬೆಂಗಳೂರಿನಲ್ಲಿ ಇನ್ನೊಂದು ಗಂಟೆ, ಆಸ್ಪತ್ರೆಯ ಕುರ್ಚಿಯಲ್ಲಿ ಎರಡು ಗಂಟೆ. ಡಾಕ್ಟರ ಮುಂದೆ ಒಂಬತ್ತು ನಿಮಿಷ! ಆ ಒಂಬತ್ತು ನಿಮಿಷವೂ ನನ್ನ ಮಗಳು ಅರಳು ಹುರಿದಂತೆ ಮಾತಾಡಿದಳು. ಡಾಕ್ಟರು ನಕ್ಕು, "ಇನ್ಮೇಲೆ ವಿಡಿಯೋದಲ್ಲೇ ನೋಡ್ತೀನಿ. ಮನೇಲಿದ್ರೆ ಮಕ್ಕಳು ಸಹಜವಾಗಿರ್ತಾರೆ" ಎಂದರು. ಮಕ್ಕಳೇನೋ ಸರಿ, ಅಜ್ಜಂದಿರ ಬಗ್ಗೆ ಅವರು ಯೋಚಿಸಿರಲಿಲ್ಲ.

ಮಾವನವರು ಮೊದಲು ಸಿಡಿದರು. "ಮೈ ಮುಟ್ಟದೆ ಅದೆಂಗಮ್ಮ ಔಸ್ದಿ ಕೊಡ್ತಾನೆ? ನಮ್ ಅಸುಗೆ ಬರ್ತಿದ್ದ ಡಾಕ್ಟ್ರು ಕೂಡ ಮುಟ್ ನೋಡ್ತಿದ್ದ!"

ಆದರೆ ವಿಡಿಯೋ ದಿನ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಶರಟು ಹಾಕಿ ಮೊದಲು ತಯಾರಾದವರು ಯಾರು? ಹನ್ನೊಂದಕ್ಕೆ ಕಾಲ್ ಇತ್ತು. ಹತ್ತೂವರೆಗೇ ಅಂಗಳದಲ್ಲಿ ನಿಂತು ಮೇಲಿನ ಹುಡುಗರಿಗೆ ಕೂಗು: "ಯಾರೂ ಇಂಟರ್ನೆಟ್ ಬಿಟ್ಕಾಬೇಡ್ರಪ್ಪಾ! ಮೇಲ್ನೋರು ಎಳ್ಕಂಡ್ರೆ ಕೆಳೀಕೆ ಬರಾಕಿಲ್ಲ!"

"ಅಂಕಲ್, ನಮ್ದು ಬೇರೆ ಕನೆಕ್ಷನ್!"

"ಪೈಪ್ ಬೇರೆ ಆದ್ರೇನ್ ಮಗಾ, ಟ್ಯಾಂಕ್ ಒಂದೇ ತಾನೇ?"

ಕಾಲ್ ಬಂತು. ನಾಲಿಗೆಯ ಪ್ರಕರಣ ನಡೆದದ್ದು ಆಗಲೇ. ಅದು ಸಾಲದೆಂದು, ಡಾಕ್ಟರು ಮಗುವಿನ ನಿದ್ದೆಯ ಬಗ್ಗೆ ಕೇಳುತ್ತಿದ್ದರೆ ಇವರು ಪಂಚೆ ಎತ್ತಿ ಮಂಡಿಯನ್ನು ಪರದೆಯ ತುಂಬಾ ಹಿಡಿದರು.

"ಯಜಮಾನ್ರೇ, ನಾನು ಮಕ್ಕಳ ಡಾಕ್ಟರು."

"ಇದು ಚಿಕ್ ವಯಸ್ನಾಗಿಂದ ಇರೋ ಮಂಡೀನೇ ಸಾ!"

ಮರುದಿನ ಆಸ್ಪತ್ರೆಯ ಕಡೆಯಿಂದ ಒಬ್ಬ ಹುಡುಗಿಯ ಫೋನ್. ಎತ್ತಿದವರು ಮಾವನವರು.

"ಸರ್, ನಮ್ಮ ವಿಡಿಯೋ ಸೇವೆ ನಿಮಗೆ ತೃಪ್ತಿ ಕೊಟ್ಟಿದೆಯಾ? ಒಂದರಿಂದ ಐದರೊಳಗೆ ಎಷ್ಟು ಕೊಡ್ತೀರಾ?"

"ಮೂರು."

"ಯಾಕ್ ಸರ್ ಮೂರು?"

"ಮಂಡಿ ನೋಡ್ಲಿಲ್ಲ. ಅದಿರ್ಲಿ ತಾಯಿ, ಆ ಡಾಕ್ಟ್ರಿಗೆ ನಮ್ ಮೇಲೆ ತೃಪ್ತಿ ಐತಾ? ಕೇಳಿದ್ರಾ?"

"ಸರ್, ನನ್ನ ಫಾರಂನಲ್ಲಿ ಆ ಪ್ರಶ್ನೆ ಇಲ್ಲ ಸರ್."

"ಎಣ್ಣಿನ್ ಕಡೆಯೋರ್ನ ಕೇಳಿ ಗಂಡಿನ್ ಕಡೆಯೋರ್ನ ಬುಟ್ರೆ ಅದ್ಯಾವ್ ಸೀಮೆ ಮದ್ವೆ ಕಣಮ್ಮ?"

ಹುಡುಗಿ ಫೋನಿಟ್ಟಳು. ಮಾವನವರು ಬಿಡುವವರೇ? ಎರಡನೆಯ ಕಾಲ್ ಶುರುವಾಗುತ್ತಲೇ ನೇರವಾಗಿ ಡಾಕ್ಟರನ್ನೇ ಕೇಳಿದರು, "ಡಾಕ್ಟ್ರೇ, ನಮ್ಗೆಷ್ಟು ಕೊಡ್ತೀರಾ?"

ಡಾಕ್ಟರು ನಕ್ಕುಬಿಟ್ಟರು. "ನಮಗೂ ಒಂದು ಫಾರಂ ಕಳಿಸ್ತಾರೆ ಯಜಮಾನ್ರೇ. ಚಿತ್ರ ಸ್ಪಷ್ಟವಿತ್ತಾ, ಧ್ವನಿ ಸ್ಪಷ್ಟವಿತ್ತಾ ಅಂತೆಲ್ಲ ಇರುತ್ತೆ. ಕಾಯಿಲೆ ಸ್ಪಷ್ಟವಾಯ್ತಾ ಅಂತ ಮಾತ್ರ ಕೇಳಲ್ಲ."

ಆವತ್ತಿಗೆ ಒಂದು ಗಿರಗಿಟ್ಲೆ ತಂದಿಡಲು ಡಾಕ್ಟರು ಮೊದಲೇ ಹೇಳಿದ್ದರು. ಮಾವನವರು ಎರಡು ತಂದಿದ್ದರು. ಎರಡು ಯಾಕೆಂದು ಹೇಳಬೇಕೇ? "ಪುಟ್ಟಾ, ನಾನು ಸಾಕು ಅನ್ನೋವರೆಗೂ ಜೋರಾಗಿ ಊದ್ತಾ ಇರಬೇಕು" ಎಂದರು ಡಾಕ್ಟರು. ಅಜ್ಜ, ಮೊಮ್ಮಗಳು ಪೈಪೋಟಿಯ ಮೇಲೆ ಊದತೊಡಗಿದರು. ಒಂದು ನಿಮಿಷಕ್ಕೆ ಅಜ್ಜ ಸುಸ್ತು. "ಡಾಕ್ಟ್ರೇ, ನಂಗೇ ತಲೆ ಸುತ್ತುತಾ ಐತೆ" ಎಂದು ಗೋಡೆಗೊರಗಿದರು. ಕಣ್ಣು ಮಾತ್ರ ಪರದೆಯ ಮೂಲೆಯಲ್ಲಿ ಕಾಣುತ್ತಿದ್ದ ಮೊಮ್ಮಗಳ ಚಿತ್ರದ ಮೇಲೇ.

ಇದ್ದಕ್ಕಿದ್ದಂತೆ ಚೀರಿದರು. "ಅಯ್ಯೋ, ಜಾನವಿ ಅಂಗೇ ನಿಂತೋದ್ಲು! ನೆಟ್ಟು ಓಯ್ತು! ಮೇಲೆ ಯಾವನೋ ಬಿಟ್ಕಂಡವ್ನೆ!"

"ನೆಟ್ ಚೆನ್ನಾಗಿದೆ ಯಜಮಾನ್ರೇ" ಎಂದರು ಡಾಕ್ಟರು. ಅವರ ದನಿ ಬದಲಾಗಿತ್ತು. "ಫೋನ್ ಬಿಟ್ಟು ಮಗು ಕಡೆ ನೋಡಿ. ಯಾರೂ ಮುಟ್ಟಬೇಡಿ."

ನೋಡಿದೆವು. ಊದಲು ಮುಂದೆ ಮಾಡಿದ್ದ ತುಟಿ ಹಾಗೇ ಇತ್ತು. ಗಿರಗಿಟ್ಲೆ ನಿಂತಿತ್ತು. ರೆಪ್ಪೆಗಳು ಸಣ್ಣಗೆ ಅದುರುತ್ತಿದ್ದವು. ನನ್ನ ಮಗಳು ನನ್ನಿಂದ ಒಂದು ಮೊಳ ದೂರದಲ್ಲಿ ಕೂತಿದ್ದಳು, ಆದರೆ ಅಲ್ಲಿರಲಿಲ್ಲ. ಡಾಕ್ಟರು ಗಡಿಯಾರ ನೋಡುತ್ತಾ ಎಣಿಸುತ್ತಿದ್ದರು. ಹನ್ನೆರಡು ಸೆಕೆಂಡಿಗೆ ಅವಳು ಕಣ್ಣು ಮಿಟುಕಿಸಿ, ಏನೂ ಆಗದವಳಂತೆ "ಇನ್ನೂ ಊದ್ಲಾ?" ಎಂದಳು.

ಅರ್ಧ ದಿನ ರಸ್ತೆಯಲ್ಲಿ ಕಳೆದು ತೋರಿಸಲಾಗದ್ದನ್ನು ನಮ್ಮ ಹಾಲ್‌ನ ಚಾಪೆಯ ಮೇಲೆ ತೋರಿಸಿದ್ದೆವು. ಇದು ಮೂರ್ಛೆಯ ಒಂದು ಸಣ್ಣ ಬಗೆ, ಜೋರಾಗಿ ಊದಿಸಿದರೆ ಹೊರಬೀಳುತ್ತದೆ, ಅದಕ್ಕೇ ಗಿರಗಿಟ್ಲೆ ಎಂದರು ಡಾಕ್ಟರು. ಮೊಂಡುತನವಲ್ಲ, ಔಷಧಿಗೆ ಬಗ್ಗುತ್ತದೆ, ಬಹಳ ಮಕ್ಕಳಿಗೆ ದೊಡ್ಡವರಾಗುತ್ತಾ ಹೋಗಿಯೂಬಿಡುತ್ತದೆ. ಯಲಹಂಕದ ಒಂದು ಕ್ಲಿನಿಕ್ಕಿನಲ್ಲಿ ತಲೆಗೆ ವೈರು ಅಂಟಿಸಿ ಮಾಡಿದ ಪರೀಕ್ಷೆಯೂ ಅದನ್ನೇ ಹೇಳಿತು. ಸಿರಪ್ ಶುರುವಾಯಿತು. ನಾಲ್ಕು ತಿಂಗಳಾಗುವಷ್ಟರಲ್ಲಿ ಟೀಚರ್ ನನ್ನನ್ನು ಮತ್ತೆ ಕರೆಸಿ, "ಇವಳು ಕ್ಲಾಸಲ್ಲಿ ಬಾಯೇ ಮುಚ್ಚಲ್ಲ ಕಣ್ರೀ!" ಎಂದು ದೂರಿದರು. ಅಂಥ ದೂರಿಗೆ ಕೈ ಮುಗಿದು "ಥ್ಯಾಂಕ್ಸ್ ಮೇಡಂ" ಎಂದ ತಾಯಿಯನ್ನು ಅವರು ಹಿಂದೆ ಕಂಡಿರಲಾರರು.

ಹೋದ ವಾರದ ಕಾಲ್‌ನಲ್ಲಿ ಡಾಕ್ಟರು ಎಲ್ಲ ಕೇಳಿ, "ಚೆನ್ನಾಗಿದ್ದಾಳೆ, ಔಷಧಿ ಮುಂದುವರಿಸಿ" ಎಂದರು. ಇನ್ನೇನು ಮುಗಿಯಬೇಕು, ಮಾವನವರು ಜಾಹ್ನವಿಯನ್ನು ಆಡಲು ಹೊರಗೆ ಕಳಿಸಿ ನನ್ನ ಕೈಯಿಂದ ಫೋನ್ ತೆಗೆದುಕೊಂಡರು. ಮಂಡಿಯ ವಿಷಯವೇ ಇರಬೇಕೆಂದುಕೊಂಡೆ.

"ಡಾಕ್ಟ್ರೇ, ಒಂದ್ ಮಾತು. ಓದ್ ವರ್ಸ ಒಂದಿನ ಜಾನವೀನ ಕರ್ದೆ. ತಿರುಗ್ಲಿಲ್ಲ. ಇಷ್ಟುದ್ದ ಇದ್ಕಂಡು ಎಷ್ಟು ಪೊಗರು ನಿಂಗೆ ಅಂತ ಬಾಯಿಗ್ ಬಂದಂಗೆ ಬೈದ್‌ಬಿಟ್ಟೆ. ಅವಳು ಸುಮ್ಕೆ ಗೋಡೆ ನೋಡ್ತಿದ್ಲು. ಅದು ಇದೇ ಅಂತ ಆಗ ಗೊತ್ತಿರ್ನಿಲ್ಲ ನಂಗೆ." ಹೊರಗೆ ಆಡುತ್ತಿದ್ದ ಮೊಮ್ಮಗಳತ್ತ ಒಮ್ಮೆ ನೋಡಿದರು. "ಆ ಒತ್ನಾಗೆ ನಾನ್ ಅಂದಿದ್ದು ಅವ್ಳಿಗೆ ಕೇಳ್ಸಿರ್ತದಾ?"

ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಇಲ್ಲ ಯಜಮಾನ್ರೇ. ಒಂದು ಮಾತೂ ಕೇಳಿಸಿರಲ್ಲ."

"ಒಂದೂ?"

"ಒಂದೂ."

"ಸದ್ಯ" ಎಂದರು ಮಾವನವರು. ಫೋನನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು, ತೋಳಿನಿಂದ ಮುಖ ಒರೆಸಿಕೊಳ್ಳತೊಡಗಿದರು. ಡಾಕ್ಟರಿಗೆ ಈಗ ಕಾಣುತ್ತಿದ್ದುದು ಬರೀ ಕತ್ತಲೆ. ಆ ಕಡೆ ಇನ್ನೆಷ್ಟು ಮಕ್ಕಳು ಸಾಲಿನಲ್ಲಿದ್ದರೋ. ಆದರೂ ಅವರು ಕಾಲ್ ಕತ್ತರಿಸದೆ ಕಾದರು.