ಏಳನೇ ನಿಮಿಷದಲ್ಲಿ ಸಿದ್ದಲಕ್ಷ್ಮಮ್ಮನವರು ಬಾಯಿ ಮುಚ್ಚಿಕೊಂಡ ಬಗ್ಗೆ

ಇಂದ,
ರಂಗಣ್ಣ, ಗುಮಾಸ್ತ (ಇಪ್ಪತ್ತಾರು ವರ್ಷಗಳಿಂದ),
ಚನ್ನವೀರಯ್ಯ ವಕೀಲರ ಕಚೇರಿ, ತುಮಕೂರು.

ಗೆ,
ಶ್ರೀ ಚನ್ನವೀರಯ್ಯನವರು, ಹಿರಿಯ ವಕೀಲರು,
ಅದೇ ಕಚೇರಿ, ಒಳಗಿನ ಕೋಣೆ.

ವಿಷಯ: ಗಂಟೆ ಲೆಕ್ಕದಲ್ಲಿ ಫೀಸು ಪಡೆಯುವ ಪದ್ಧತಿಯನ್ನು ಬದಲಿಸಿ, ಕಕ್ಷಿದಾರರ ಮುಂದಿರುವ ಗಡಿಯಾರವನ್ನು ತೆಗೆಸಿಕೊಡುವಂತೆ ಕೋರಿ.

ಉಲ್ಲೇಖ: 1. ಕಿರಿಯ ವಕೀಲರೂ ತಮ್ಮ ಮಗಳೂ ಆದ ಸಿಂಚನಾ ಮೇಡಂ ಅವರ ಜನವರಿ ತಿಂಗಳ ಸುತ್ತೋಲೆ.
2. ಅದರ ಬಗ್ಗೆ ತಮ್ಮ ಮೌಖಿಕ ಆದೇಶ: "ನೋಡಾನ ಬುಡೋ."

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಈ ಕಚೇರಿಯಲ್ಲಿ ಮೊದಲಿನಿಂದಲೂ ಮುಖ ನೋಡಿ ಫೀಸು ಹೇಳುವ ಪದ್ಧತಿ ಇತ್ತು. ಕಕ್ಷಿದಾರ ಬಂದು ಕೂತು, ನೀರು ಕುಡಿದು, ಬೀಗರ ಮನೆ ಜಗಳದಿಂದ ಶುರುಮಾಡಿ ಕೇಸಿನ ಹತ್ತಿರ ಬರುವಷ್ಟರಲ್ಲಿ ಒಂದು ಗಂಟೆ ಕಳೆಯುತ್ತಿತ್ತು. ತಾವು ಕಣ್ಣು ಮುಚ್ಚಿ ಎಲ್ಲ ಕೇಳಿ, ಕೊನೆಗೆ ಒಂದು ಮೊತ್ತ ಹೇಳುತ್ತಿದ್ದಿರಿ. ಕಣ್ಣು ಮುಚ್ಚಿದ್ದು ಆಲೋಚನೆಗೋ ನಿದ್ದೆಗೋ ಎಂಬುದು ಅರ್ಜಿದಾರನ ವ್ಯಾಪ್ತಿಗೆ ಬರುವುದಿಲ್ಲ.

2. ಸದರಿ ಪದ್ಧತಿಯೂ ನ್ಯಾಯವಾಗಿರಲಿಲ್ಲ ಎಂಬುದನ್ನು ಅರ್ಜಿದಾರನು ಒಪ್ಪುತ್ತಾನೆ. ಮೇಡಂ ಹಳೇ ಫೈಲು ತೆಗೆದು ನೋಡಿದಾಗ, ಎರಡು ಟ್ರ್ಯಾಕ್ಟರ್ ಇದ್ದವನೊಬ್ಬ ತಮ್ಮ ಮುಂದೆ ಗೊಳೋ ಎಂದು ಅತ್ತು ಅರ್ಧ ಫೀಸಿನಲ್ಲಿ ಪಾರಾಗಿದ್ದುದು ಕಂಡಿತು. ಅಳಲು ಬಾರದ ಅಂಗನವಾಡಿ ಟೀಚರು ಪೂರ್ತಿ ಕೊಟ್ಟಿದ್ದರು. ಇತ್ತ ಬಾಡಿಗೆ ಏರಿತ್ತು. ಕಾನೂನು ಪುಸ್ತಕದ ಜಾಗಕ್ಕೆ ಬಂದ ಕಂಪ್ಯೂಟರಿಗೆ ವರ್ಷ ವರ್ಷ ಚಂದಾ ಕಟ್ಟಬೇಕಿತ್ತು. ಹೀಗಿರುವಾಗ ಬಿದರೆಹಳ್ಳ ಕಾವಲ್ ಕಡೆ ಹೆಲಿಕಾಪ್ಟರ್ ಬಿಡಿಭಾಗ ಮಾಡುವ ಕಂಪನಿಯ ಮ್ಯಾನೇಜರೊಬ್ಬರು ಬಂದು, "ನಿಮ್ಮ ಬಿಲ್ಲಿಂಗ್ ಮಾಡೆಲ್ ಯಾವ್ದು ಸಾರ್?" ಎಂದರು. ತಾವು ಜೇಬಿನಿಂದ ಫೋನು ತೆಗೆದು, "ಹಳೇದು, ಬಟನ್‌ದು" ಎಂದಿರಿ. ಆ ದಿನ ಮೇಡಂ ಊಟ ಮಾಡಲಿಲ್ಲ. ಮರುದಿನ ಸುತ್ತೋಲೆ ಬಂತು, ಜೊತೆಗೆ ಗಡಿಯಾರ ಬಂತು.

3. ಆರು ನಿಮಿಷಕ್ಕೆ ಒಂದು ಯೂನಿಟ್, ಯೂನಿಟ್ಟಿಗೆ ಇಷ್ಟು ಎಂದು ಫೀಸು. ಕುಣಿಗಲ್‌ನ ಬೀರಯ್ಯನವರು ಆ ಕೆಂಪು ಅಂಕಿಗಳನ್ನು ನೋಡಿ, ಮೂರು ತಲೆಮಾರಿನ ಜಮೀನು ವ್ಯಾಜ್ಯವನ್ನು ಒಂದೇ ಉಸಿರಿಗೆ ಹೇಳಲು ಹೋಗಿ ಕೆಮ್ಮು ಹತ್ತಿಸಿಕೊಂಡರು. ಕೆಮ್ಮಿಗೂ ಯೂನಿಟ್ ಓಡಿತು. ಉಳಿದವರು ಹುಷಾರಾಗಿ, ಕೇಸನ್ನೆಲ್ಲ ಹೊರಗಿನ ಬೆಂಚಿನಲ್ಲಿ ಅರ್ಜಿದಾರನಿಗೆ ಹೇಳಿ, ಒಳಗೆ ಕಾಗದ ಮಾತ್ರ ಕೊಟ್ಟು ಬರತೊಡಗಿದರು. ಆದಕಾರಣ ಅರ್ಜಿದಾರನಿಗೆ ಟೀ ಕುಡಿಯಲೂ ಪುರಸೊತ್ತಿಲ್ಲ.

4. ಎರಡು ದಿನ ಹಿಡಿಯುತ್ತಿದ್ದ ದಾವೆಯನ್ನು ಕಂಪ್ಯೂಟರ್ ಈಗ ನಾಲ್ಕು ನಿಮಿಷದಲ್ಲಿ ಬರೆಯುತ್ತದೆ. ಒಂದು ಯೂನಿಟ್ಟೂ ತುಂಬುವುದಿಲ್ಲ. ಗಂಟೆ ಲೆಕ್ಕದಲ್ಲಿ ಬೇಗ ಮುಗಿಸಿದಷ್ಟೂ ಕಚೇರಿಗೇ ನಷ್ಟ. ತಾವು, "ಹಂಗಾರೆ ಅದುಕ್ಕೆ ಸ್ವಲ್ಪ ನಿಧಾನ ಮಾಡು ಅನ್ನಮ್ಮ" ಎಂದಿರಿ. ಮೇಡಂ ನಗಲಿಲ್ಲ.

5. ಈಗ ಮುಖ್ಯ ಸಂಗತಿ. ಸಿ.ಎಸ್. ಪುರದ ಸಿದ್ದಲಕ್ಷ್ಮಮ್ಮನವರಿಗೆ ಅರವತ್ನಾಲ್ಕು ವರ್ಷ, ಎರಡು ಹಸು. ದಿನಕ್ಕೆರಡು ಸಲ ಡೈರಿಗೆ ಹಾಲು ಹಾಕಿ ಬದುಕುವವರು. ಡೈರಿಗೆ ಹೋಗುವ ದಾರಿ ಪಕ್ಕದ ರೇಣುಕಾಪ್ರಸಾದನ ಹೊಲದ ಅಂಚಿನಲ್ಲಿತ್ತು. ಆತ ಶ್ರಾವಣದಲ್ಲಿ ಅದಕ್ಕೆ ಮುಳ್ಳುತಂತಿ ಹಾಕಿಸಿದ. ಈಯಮ್ಮ ಕೆರೆ ಏರಿ ಸುತ್ತಿಕೊಂಡು ಹೋಗುವಾಗ ಜಾರಿ ಬಿದ್ದರು. ಕ್ಯಾನು ನೀರಿಗೆ ಹೋಯಿತು, ಬಲಗೈ ಮುರಿಯಿತು. ಆ ಪಟ್ಟಿ ಕಟ್ಟಿದ ಕೈಯಲ್ಲೇ ಕಚೇರಿಗೆ ಬಂದರು. ಅಂದು ಅರ್ಜಿದಾರನು ಕೋರ್ಟಿನಲ್ಲಿದ್ದುದರಿಂದ ಬೆಂಚಿನ ಸೌಲಭ್ಯ ಇರಲಿಲ್ಲ. ನೇರ ಒಳಗೆ ಮೇಡಂ ಹತ್ತಿರ ಹೋಗಿ, ಹಸು, ಕ್ಯಾನು, ಕೈ ಎಲ್ಲ ಹೇಳಿ, "ನಲವತ್ತು ವರ್ಸದಿಂದ ಓಡಾಡ್ತಿದೀವಿ, ದಾರಿ ಬುಡ್ಸಿಕೊಡವ್ವ" ಎಂದರು. ಇನ್ನೇನೋ ಹೇಳಲು ಬಾಯಿ ತೆರೆದರು. ಗಡಿಯಾರ ಏಳಕ್ಕೆ ತಿರುಗಿತು, ಎರಡನೇ ಯೂನಿಟ್ ಶುರುವಾಯಿತು. ಬಾಯಿ ಮುಚ್ಚಿ ಎದ್ದು ಬಂದರು.

6. ಗುಬ್ಬಿ ಕೋರ್ಟಿನಲ್ಲಿ ಎದುರು ವಕೀಲರು, "ಅದು ಹಕ್ಕಿನ ದಾರಿ ಅಲ್ಲ ಸ್ವಾಮಿ. ನಮ್ಮ ಕಕ್ಷಿದಾರರ ತಂದೆ ದೊಡ್ಡ ಮನಸ್ಸು ಮಾಡಿ ಬಿಟ್ಟಿದ್ರು, ಮಗ ಈಗ ಬೇಡ ಅಂತಾರೆ" ಎಂದು ವಾದಿಸಿದರು. ಕಂಪ್ಯೂಟರ್ ಬರೆದ ದಾವೆಯಲ್ಲಿ ಭಾಷೆ ಸೊಗಸಾಗಿತ್ತು, ಇದಕ್ಕೆ ಉತ್ತರ ಇರಲಿಲ್ಲ. ಜಡ್ಜ್ ಸಾಹೇಬರು ಒಂದು ವಾರ ಮುಂದೂಡಿದರು. ಹೊರಗೆ ಜಗಲಿಯಲ್ಲಿ ಸಿದ್ದಲಕ್ಷ್ಮಮ್ಮನವರು ಎಲೆಅಡಿಕೆ ಹಾಕಿಕೊಂಡು, ತಮ್ಮ ಮದುವೆ, ಮೈದುನ, ಮೊದಲ ಹಸು ಎಲ್ಲ ದಾಟಿ, ಅರ್ಜಿದಾರನಿಗೆ ಹೇಳಿದ್ದು ಇದು:

"ದೊಡ್ಡ ಮನಸಂತೆ! ನಮ್ಮಾವ ಬಾವಿ ಪಕ್ಕದ ಜಾಗ ಕೊಟ್ಟಿದ್ದುಕ್ಕೆ ತಾನೆ ಅವ್ರಪ್ಪ ಈ ದಾರಿ ಕೊಟ್ಟಿದ್ದು? ಆ ಜಾಗದಾಗೇ ಅವ್ನ ಪಂಪ್‌ಸೆಟ್ ಕುಂತೈತೆ. ಕಾಗ್ದ ನನ್ ಟ್ರಂಕ್‌ನಾಗೈತೆ."

ಪಕ್ಕದಲ್ಲೇ ಫೈಲು ತಿರುವುತ್ತಿದ್ದ ಮೇಡಂ ಇತ್ತ ತಿರುಗಿದರು. "ಅಮ್ಮ, ಇದನ್ನ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಾನ ಅಂತ್ಲೇ ಬಾಯಿ ತೆಗೆದೆ ಕಣವ್ವ. ನಿನ್ ಗಡಿಯಾರ ಏಳು ತೋರಿಸ್ತು. ನಂದು ಹಾಲಿನ ದುಡ್ಡು. ಮುಚ್ಕಂಡೆ."

ಮೇಡಂ ಮುಖ ಚಿಕ್ಕದಾಯಿತು. ಅಂದೇ ಟ್ರಂಕಿನ ಕಾಗದ ತರಿಸಿಕೊಂಡರು.

7. ಆ ಕಾಗದ ಬರೆದವರು ನಿವೃತ್ತ ಮೇಷ್ಟ್ರು ಪರಮಶಿವಯ್ಯನವರು. ಈಗ ಕ್ಯಾತ್ಸಂದ್ರದಲ್ಲಿ ಮಗನ ಮನೆಯಲ್ಲಿದ್ದಾರೆ. ಮೇಡಂ ಅರ್ಜಿದಾರನೊಂದಿಗೆ ಅಲ್ಲಿಗೆ ಹೋದರು. ಮೇಷ್ಟ್ರು ಕಾಫಿ ಕೊಟ್ಟು, ಸ್ಕೂಲಿಗೆ ಬಂದ ಇನ್‌ಸ್ಪೆಕ್ಟರುಗಳ ಗುಣಾವಗುಣ ವಿವರಿಸಿ, ತಮ್ಮ ಮಂಡಿನೋವಿನ ಇತಿಹಾಸ ಹೇಳಿ, ಎರಡೂಕಾಲು ಗಂಟೆಯ ನಂತರ ಕನ್ನಡಕ ಹಾಕಿಕೊಂಡರು. "ಅಕ್ಷರ ನಂದೇ ಕಣಮ್ಮ. ಇಬ್ರೂ ಯಜಮಾನ್ರು ನನ್ನೆದುರಿಗೇ ಸೈನ್ ಹಾಕಿದ್ದು. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ." ನಡುವೆ ಅರ್ಜಿದಾರನು ಎರಡು ಸಲ ವಾಚು ನೋಡಿದಾಗ ಮೇಡಂ ಕಣ್ಣಲ್ಲೇ ಗದರಿದ್ದನ್ನು ಇಲ್ಲಿ ದಾಖಲಿಸಲಾಗಿದೆ.

8. ಮುಂದಿನ ವಾರ, ದಾವೆ ತೀರ್ಮಾನವಾಗುವವರೆಗೆ ಬೇಲಿ ತೆಗೆದು ದಾರಿ ಬಿಡಬೇಕೆಂದು ಆದೇಶವಾಯಿತು. ಸಿದ್ದಲಕ್ಷ್ಮಮ್ಮನವರು ಎಡಗೈಯಲ್ಲೇ ಕ್ಯಾನು ಹಿಡಿದು ಅದೇ ದಾರಿಯಲ್ಲಿ ಡೈರಿಗೆ ಹೋದರಂತೆ. ಆದರೆ ಕಂಪ್ಯೂಟರ್ ಅಷ್ಟರಲ್ಲಿ ಮೇಷ್ಟ್ರ ಮಂಡಿನೋವನ್ನೂ ಸೇರಿಸಿ ಬಿಲ್ಲು ಹೊರಹಾಕಿತ್ತು. ಮೇಡಂ ಅದನ್ನು ಕೈಗೆತ್ತಿಕೊಂಡರು.

"ರಂಗಣ್ಣ, ಇದನ್ನ ಕೊಟ್ರೆ ಆಯಮ್ಮ ಇನ್ಮೇಲೆ ಯಾವ ವಕೀಲರ ಹತ್ರನೂ ಬಾಯಿ ಬಿಡಲ್ಲ, ಅಲ್ವಾ?"

"ಬಿಡಲ್ಲ ಮೇಡಂ."

ಹರಿದು ಹಾಕಿದರು. ಆಗ ಒಳಗೆ ಬಂದ ತಾವು, "ನಾನ್ ಹೇಳ್ಲಿಲ್ವಾ? ನನ್ ಪದ್ಧತೀನೇ ಸರಿ" ಎಂದಿರಿ. ಮೇಡಂ, "ಅಳೋರಿಗೊಂದು ರೇಟು, ಅಳದವ್ರಿಗೊಂದು ರೇಟು, ಅದು ಮಾತ್ರ ಬೇಡ ಅಪ್ಪಾಜಿ" ಎಂದರು. ಮಾತು ಬೆಳೆದು ಪಕ್ಕದ ಜೆರಾಕ್ಸ್ ಅಂಗಡಿಯವರೂ ಬಂದು ನಿಂತರು. ಕೊನೆಗೆ ಇಬ್ಬರೂ ಅರ್ಜಿದಾರನತ್ತ ತಿರುಗಿ, "ನೀನೇ ಹೇಳು", "ನೀವೇ ಹೇಳಿ" ಎಂದಿರಿ. ಅರ್ಜಿದಾರನಿಗೆ ಇಬ್ಬರ ಮುಂದೆ ನಿಂತು ಹೇಳುವ ಧೈರ್ಯ ಸಾಲದ ಕಾರಣ ಬರೆದು ಕೊಡುತ್ತಿದ್ದಾನೆ.

ಆದ್ದರಿಂದ, ಇಂಥ ಕೇಸಿಗೆ ಇಷ್ಟು ಎಂದು ಮೊದಲ ದಿನವೇ ಬರೆದು ಕೊಡಬೇಕೆಂದೂ, ಕಣ್ಣೀರಿಗೆ ರಿಯಾಯಿತಿ ಇರಕೂಡದೆಂದೂ, ಖರ್ಚು ಏರಿದರೆ ವರ್ಷಕ್ಕೊಮ್ಮೆ ಪಟ್ಟಿಯನ್ನು ಗೋಡೆಗೆ ಅಂಟಿಸಿಯೇ ಏರಿಸಬೇಕೆಂದೂ, ಗಂಟೆ ಲೆಕ್ಕವೇ ಇಷ್ಟವೆನ್ನುವ ಕಂಪನಿಯವರಿಗೆ ಗಂಟೆ ಲೆಕ್ಕವನ್ನೇ ಕೊಟ್ಟು ಖುಷಿಪಡಿಸಬೇಕೆಂದೂ, ಕಂಪ್ಯೂಟರ್ ಉಳಿಸಿಕೊಟ್ಟ ಎರಡು ದಿನದಲ್ಲಿ ಒಂದು ಗಂಟೆಯನ್ನಾದರೂ ಬಂದವರ ಮಾತು ಕೇಳಲು ಇಡಬೇಕೆಂದೂ ಅರ್ಜಿದಾರನು ಪ್ರಾರ್ಥಿಸುತ್ತಾನೆ. ಹೇಳಿದ್ದು ಹೆಚ್ಚಾಗಿದ್ದರೆ ವಯಸ್ಸಿನ ಮೇಲೆ ಹಾಕಿ ಮನ್ನಿಸುವುದು.

ಅಪ್ಪ ಮಗಳಿಬ್ಬರಿಗೂ ಸಮನಾಗಿ
ವಿಶ್ವಾಸಿಯಾದ,
ರಂಗಣ್ಣ

ಅಡಕಗಳು:
1. ಮಧ್ಯಂತರ ಆದೇಶದ ನಕಲು.
2. ಹರಿದ ಬಿಲ್ಲು, ನಾಲ್ಕು ತುಂಡು.
3. ಸಿದ್ದಲಕ್ಷ್ಮಮ್ಮನವರು ತಂದ ಗಿಣ್ಣು, ಒಂದು ಡಬ್ಬಿ (ಕಚೇರಿಯಲ್ಲಿ ಫ್ರಿಜ್ ಇಲ್ಲದ ಕಾರಣ ಕಾಲು ಭಾಗವನ್ನು ಅರ್ಜಿದಾರನು ವಿಲೇವಾರಿ ಮಾಡಿದ್ದಾನೆ).

ವಿಶೇಷ ಸೂಚನೆ: ಸದರಿ ಸಿದ್ದಲಕ್ಷ್ಮಮ್ಮನವರು ಬೆಳಿಗ್ಗೆಯಿಂದ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಇವತ್ತು ಕೇಸಿನ ಕೆಲಸ ಏನೂ ಇಲ್ಲವಂತೆ. "ಸುಮ್ನೆ ಆ ಮಗೀನ ಮಾತಾಡಿಸ್ಕಂಡು ಹೋಗಾನ ಅಂತ ಬಂದೆ" ಎನ್ನುತ್ತಾರೆ (ಮಗು ಎಂದರೆ ಮೇಡಂ). ಬಂದವರ ಪುಸ್ತಕದಲ್ಲಿ ಇದಕ್ಕೆ ಕಾಲಂ ಇಲ್ಲ. ಎಲ್ಲಿ ಬರೆಯಬೇಕೆಂದು ಆದೇಶಿಸಿ, ಅಷ್ಟರೊಳಗೆ ಅವರನ್ನು ಒಳಗೆ ಕಳಿಸಲು ಅನುಮತಿ ಕೊಡಬೇಕಾಗಿ ಕೋರಿದೆ.