ನಾಲ್ಕು ತಾಲೂಕುಗಳ ಏಕೈಕ ಶೇವಂತೆವ್ವ

ಈ ಕೆಳಗಿನ ಸಂಗತಿಗಳ ಬಗ್ಗೆ ಯಾರದೂ ತಕರಾರಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ನಾಗರಿಕರಿಗಾಗಿ ಸಂಯುಕ್ತ ಸೇವಾ ಕಚೇರಿಯು ಒಂದು ಜಾಲತಾಣವನ್ನು ತೆರೆದಿದೆ.

ಅದರ ಪುಟಗಳು ನಮ್ಮ ಫೋನಿನಲ್ಲಿ ಅಲ್ಲ, ಕಚೇರಿಯ ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಎಂಬ ಗಣಕಭಾಷೆಯ ಮೂಲಕ ಸಿದ್ಧಗೊಂಡು, ಬಂದವರ ಹೆಸರು ಹೊತ್ತು ಹೊರಬರುತ್ತವೆ.

ಬಂದವರು ಯಾರೆಂಬುದು ಸರ್ವರಿಗೆ ತಿಳಿಯುವುದು ಕುಕೀಯಿಂದ. ಕುಕೀ ಎಂದರೆ ಅವರವರ ಬ್ರೌಸರಿನಲ್ಲಿರುವ, ಪ್ರತಿ ಸಲವೂ ತೋರಿಸಬೇಕಾದ ಗುರುತಿನ ಚೀಟಿ.

ಈ ತಾಣವು ಆ ಚೀಟಿಯನ್ನು ಒಮ್ಮೆ ಮಾತ್ರ ನೋಡಿದೆ. ಉದ್ಘಾಟನೆಯ ದಿನ.

ಅಂದು ವೇದಿಕೆಯ ಮೇಲೆ ಮೊದಲು ಲಾಗಿನ್ ಆದವರು ಸಾಲೋಟಗಿಯಲ್ಲಿ ಕುರಿ ಕಾಯುವ ಶೇವಂತೆವ್ವ, ವಯಸ್ಸು ಅರವತ್ತಮೂರು. ಅಂದಿನಿಂದ ನಾಲ್ಕೂ ತಾಲೂಕುಗಳಲ್ಲಿ ಯಾರೇ ಲಾಗಿನ್ ಆದರೂ ಅವರು ಶೇವಂತೆವ್ವ.

ಹೂವಿನ ಹಿಪ್ಪರಗಿಯ ನಸ್ರೀನ, ವಯಸ್ಸು ಹತ್ತೊಂಬತ್ತು, ಬಾಗೇವಾಡಿಯ ಹಾಸ್ಟೆಲ್ಲಿಗೆ ಅರ್ಜಿ ಹಾಕಬೇಕಿತ್ತು. ಶನಿವಾರ ಕಡೆಯ ದಿನ. ಹಾಸ್ಟೆಲ್ ಸಿಗದಿದ್ದರೆ ನರ್ಸಿಂಗ್ ಕಾಲೇಜು ಬಿಡಬೇಕು. ಅರ್ಜಿಯಲ್ಲಿ ಶೇವಂತೆವ್ವನ ಹೆಸರು, ವಯಸ್ಸು, ವೃತ್ತಿ ತಾವಾಗಿಯೇ ತುಂಬಿಕೊಂಡಿದ್ದವು, ತಿದ್ದಲು ಅವಕಾಶವಿರಲಿಲ್ಲ. ವಯೋಮಿತಿ ಮೀರಿದೆ ಎಂದು ಅರ್ಜಿ ಮರಳಿತು. ಅವಳು ಕಚೇರಿಗೆ ಬಂದಳು.

“ಸರ, ನಾ ನಸ್ರೀನ ಅದೀನ್ರಿ. ನಿಮ್ಮ ತಾಣ ನನಗ ಶೇವಂತೆವ್ವ ಅನ್ನಾಕತ್ತೈತಿ.”

“ಹಂಗಾರ ಶೇವಂತೆವ್ವ ಅಲ್ಲ ಅಂತ ತಾಣದಾಗ ಅರ್ಜಿ ಹಾಕವಾ ತಂಗಿ,” ಎಂದರು ಮುಖ್ಯಾಧಿಕಾರಿ ರಾವಸಾಬ.

“ಹಾಕೇನ್ರಿ. ಅದೂ ಆಕಿ ಹೆಸರ್ಲೇನ ಹೋತ್ರಿ.”

“ಹಾಂ, ಬಂದಿತ್ತು. ತಿರಸ್ಕಾರ ಮಾಡೇನಿ. ಶೇವಂತೆವ್ವ ಶೇವಂತೆವ್ವನ ಅದಾಳ, ಅದರಾಗೇನೈತಿ?”

ತಾಣ ಕಟ್ಟಿದ ಸೊಹೇಲ ಎದ್ದು ನಿಂತ. “ಸರ, ತಪ್ಪು ನಂದ ಐತ್ರಿ. ಉದ್ಘಾಟನಿ ದಿನ ಪುಟ ತಡಾ ಆಗಬಾರ್ದು ಅಂತ ನೀವು ಹೇಳಿದ್ರಿ. ಕುಕೀ ಒಮ್ಮಿ ಓದಿ ಎಲ್ಲಾರಿಗೂ ಸೇರಿ ಸರ್ವರಿನಾಗ ಇಟ್ಟುಬಿಟ್ಟೆ. ಬಂದವ್ರ ಬಂದವ್ರ ಕುಕೀ ಆವಾಗಾವಾಗ ಓದಬೇಕ್ರಿ. ಒಂದ ಸಾಲು ಸರಿಸಿದ್ರ ಮುಗೀತು.”

“ಉದ್ಘಾಟನಿ ಆಗಿದ್ದನ್ನ ಅಳಿಸ್ತಿ? ಬಸ್ ಸ್ಟ್ಯಾಂಡಿನ ಉದ್ಘಾಟನಿ ಕಲ್ಲು ಯಾರರ ಕಿತ್ತಾರೇನು?”

“ಬಸ್ ಸ್ಟ್ಯಾಂಡ ಬಿದ್ದೈತ್ರಿ ಸರ.”

“ಕಲ್ಲು ಐತೋ ಇಲ್ಲೋ?”

ಕಲ್ಲು ಇತ್ತು. ಚರ್ಚೆ ಮುಗಿಯಿತು.

ಆದರೂ ದೂರಿನ ಪರಿಶೀಲನೆ ನಿಯಮಬದ್ಧವಾಗಿ ನಡೆಯಿತು. ತಾಣವನ್ನು ಪರೀಕ್ಷಿಸಲು ಅನುಭವವುಳ್ಳ ಬಳಕೆದಾರರು ಬೇಕಾದ್ದರಿಂದ ಸ್ವತಃ ಶೇವಂತೆವ್ವನವರನ್ನೇ ಕರೆಸಲಾಯಿತು. ಅವರು ಲಾಗಿನ್ ಆದರು. ಸ್ವಾಗತ, ಶೇವಂತೆವ್ವ ಎಂದು ಪುಟ ತೆರೆಯಿತು.

“ಬರೋಬ್ಬರಿ ಐತ್ರಿ,” ಎಂದರು ಅವರು. ತಾಣ ದೋಷರಹಿತವೆಂದು ವರದಿಯಾಯಿತು. ಹೊರಡುವಾಗ ಅವರೇ ಕೇಳಿದರು: “ಅಲ್ರಿ ಸಾಹೇಬ್ರ, ನಾ ಹಾಸ್ಟೆಲ್ ಕೇಳೇನಂತಲ್ರಿ? ನಾ ಅಲ್ಲಿ ಮಲಗಿದ್ರ ಕುರಿ ಯಾರು ಕಾಯ್ಬೇಕು?”

“ಮತ್ತೊಬ್ಬ ಶೇವಂತೆವ್ವ ಕಾಯ್ತಾಳ ಬಿಡಬೇ,” ಎಂದರು ರಾವಸಾಬ.

ಶುಕ್ರವಾರ ಸುತ್ತೋಲೆ ಹೊರಟಿತು: “ಲಾಗಿನ್ ಆದ ಪ್ರತಿಯೊಬ್ಬ ನಾಗರಿಕರನ್ನೂ ಲಿಂಗ, ಧರ್ಮ, ವಯಸ್ಸುಗಳ ಭೇದವಿಲ್ಲದೆ ಶೇವಂತೆವ್ವ ಎಂದು ಪರಿಗಣಿಸತಕ್ಕದ್ದು. ಇದರಿಂದ ಸಮಾನತೆಯು ಸಂಪೂರ್ಣವಾಗಿ ಜಾರಿಗೆ ಬಂದಂತಾಗುತ್ತದೆ. ವಿದ್ಯಾರ್ಥಿನಿಯರ ಹಾಸ್ಟೆಲ್ ಪ್ರವೇಶದ ವಯೋಮಿತಿಯನ್ನು ಅರವತ್ತಮೂರಕ್ಕೆ ಏರಿಸಲಾಗಿದೆ. ತಾನು ಬೇರೆ ವ್ಯಕ್ತಿಯೆಂದು ಹೇಳಿಕೊಳ್ಳುವುದನ್ನು ಗುರುತಿನ ದುರುಪಯೋಗವೆಂದು ಭಾವಿಸಲಾಗುವುದು.”

ಶನಿವಾರ ನಸ್ರೀನ ಮತ್ತೆ ಅರ್ಜಿ ಹಾಕಿದಳು. ಹಾಸಿಗೆ ಸಿಕ್ಕಿತು.

ಮೊದಲ ಹಾಜರಿಯಲ್ಲಿ ವಾರ್ಡನ್ “ಶೇವಂತೆವ್ವ” ಎಂದು ಕೂಗಿದಾಗ ಹಾಲ್ ತುಂಬ “ಹಾಜರ್ರಿ ಮೇಡಂ” ಎಂಬ ಧ್ವನಿ ಎದ್ದಿತು. ನಸ್ರೀನ ಮಾತ್ರ ಬಾಯಿ ತೆರೆಯಲಿಲ್ಲ. ಗೈರಾದವರ ಹಾಸಿಗೆಯನ್ನು ಬೇರೆ ಶೇವಂತೆವ್ವನಿಗೆ ಕೊಡಲಾಗುವುದೆಂದು ಎಚ್ಚರಿಸಲಾಯಿತು. ಮರುದಿನ ಎಲ್ಲರಿಗಿಂತ ಮೊದಲು ಕೇಳಿದ್ದು ಅವಳ ಧ್ವನಿ.

ಆ ವಾರ ಅವಳ ತಾಯಿ ಸುಗ್ರಾ ಹಾಸ್ಟೆಲ್ಲಿಗೆ ಫೋನ್ ಮಾಡಿ, “ನಮ್ಮ ನಸ್ರೀನ ಅದಾಳೇನ್ರಿ?” ಎಂದು ಕೇಳಿದರು. ಆ ಹೆಸರಿನವರು ಇಲ್ಲಿ ಯಾರೂ ಇಲ್ಲವೆಂದು ವಾರ್ಡನ್ ಉತ್ತರಿಸಿದರು. ಪಕ್ಕದಲ್ಲೇ ನಿಂತಿದ್ದ ಹುಡುಗಿ ತಕರಾರು ಮಾಡಲಿಲ್ಲ. ಅವಳಿಗೆ ಹಾಸಿಗೆ ಬೇಕಿತ್ತು.

ಇದನ್ನು ಓದಿದ ಶೇವಂತೆವ್ವನವರು ತಮಗೆ ಗೊತ್ತಿರುವ ಇತರ ಶೇವಂತೆವ್ವನವರಿಗೆ ತಪ್ಪದೆ ತಲುಪಿಸಬೇಕಾಗಿ ವಿನಂತಿ. ಹೆಸರು ಕೇಳುವ ಅಗತ್ಯವಿಲ್ಲ.